ಗದ್ದೆ, ಬಾಣೆ, ದೇವರಕಾಡು: ಕೊಡಗಿನ ನೆಲ ಮತ್ತು ಜನ

ಕೊಡಗನ್ನು ನೋಡಲು ಬಂದವರೆಲ್ಲ ಮೊದಲು ಹೋಗಿ ನಿಲ್ಲುವುದು ಮಡಿಕೇರಿಯ ರಾಜಾಸೀಟಿನಲ್ಲಿ. ಅಲ್ಲಿಂದ ಕಾಣುವ ಮಂಜಿನ ಕೊಡಗು ಸುಳ್ಳೇನಲ್ಲ, ಆದರೆ ಅದು ಜಿಲ್ಲೆಯ ಒಂದು ಮಗ್ಗುಲು ಮಾತ್ರ. ಜಿಲ್ಲೆ ಅರ್ಥವಾಗಬೇಕಾದರೆ ಅದನ್ನು ಪಶ್ಚಿಮದಿಂದ ಪೂರ್ವಕ್ಕೆ ಅಡ್ಡಲಾಗಿ ದಾಟಬೇಕು. ಭಾಗಮಂಡಲದಲ್ಲಿ ಬಸ್ಸು ಹತ್ತಿ ಮಡಿಕೇರಿಯ ಮೇಲೆ ಕುಶಾಲನಗರಕ್ಕೆ ಬಂದರೆ ಎಪ್ಪತ್ತು ಕಿಲೋಮೀಟರ್ ಆಸುಪಾಸಿನ ದಾರಿ. ಹತ್ತಿದಲ್ಲಿ ವರ್ಷಕ್ಕೆ 5,000 ಮಿಲಿಮೀಟರ್ ಮೀರಿದ ಮಳೆ, ಮಡಿಕೇರಿಯಲ್ಲಿ 3,000ಕ್ಕೂ ಮೇಲೆ, ಇಳಿದಲ್ಲಿ ಸಾವಿರದ ಸುತ್ತಮುತ್ತ. ಒಂದು ತುದಿಯಲ್ಲಿ ಏಲಕ್ಕಿ ಬೆಳೆಯುವ ತಂಪು ಮಲೆ, ಇನ್ನೊಂದು ತುದಿಯಲ್ಲಿ ಮುಸುಕಿನ ಜೋಳದ ಬಯಲು, ನಡುವೆ ಕಾಫಿ. ಕಾವೇರಿಯೂ ಹೆಚ್ಚುಕಡಿಮೆ ಇದೇ ದಿಕ್ಕಿಗೆ, ಒಂದಿಷ್ಟು ಬಳಸಿಕೊಂಡು, ಇಳಿಯುತ್ತಾಳೆ. ಬ್ರಹ್ಮಗಿರಿಯ ಮಗ್ಗುಲಿನ ತಲಕಾವೇರಿಯಲ್ಲಿ ಹುಟ್ಟಿ, ಭಾಗಮಂಡಲದಲ್ಲಿ ಕನ್ನಿಕೆಯನ್ನು ಕೂಡಿಕೊಂಡು, ಸಿದ್ದಾಪುರ, ದುಬಾರೆಯ ಕಾಡು ಹಾದು, ಕುಶಾಲನಗರದ ಹೊತ್ತಿಗೆ ಬಯಲುಸೀಮೆಯ ನದಿಯಾಗಿರುತ್ತಾಳೆ. ಹಾರಂಗಿ ಅಲ್ಲಿಂದ ಮುಂದೆ ಸೇರುತ್ತದೆ, ಲಕ್ಷ್ಮಣತೀರ್ಥ ಜಿಲ್ಲೆಯ ಗಡಿ ದಾಟಿದ ಮೇಲೆ. ಬರಪೊಳೆಯಂಥ ಕೆಲವು ಹೊಳೆಗಳು ಮಾತ್ರ ಬೆನ್ನು ತಿರುಗಿಸಿ ಪಶ್ಚಿಮಕ್ಕೆ, ಕೇರಳದ ಕಡೆಗೆ ಧುಮುಕುತ್ತವೆ.

ಜಿಲ್ಲೆಯ ವಿಸ್ತೀರ್ಣ 4,102 ಚದರ ಕಿಲೋಮೀಟರ್. 2011ರ ಜನಗಣತಿಯಂತೆ ಜನಸಂಖ್ಯೆ 5,54,519. ಕರ್ನಾಟಕದಲ್ಲಿ ಇಷ್ಟು ಕಡಿಮೆ ಜನರಿರುವ ಜಿಲ್ಲೆ ಇನ್ನೊಂದಿಲ್ಲ. ನೂರಕ್ಕೆ ಎಂಬತ್ತೈದು ಮಂದಿ ಹಳ್ಳಿಗಳಲ್ಲೇ ಇದ್ದರು. ಜಿಲ್ಲಾ ಕೇಂದ್ರವಾದ ಮಡಿಕೇರಿಯಲ್ಲೇ ಆಗ ಇದ್ದವರು 33 ಸಾವಿರ ಚಿಲ್ಲರೆ. ರೈಲು ಇಲ್ಲಿಗೆ ಇನ್ನೂ ಬಂದಿಲ್ಲ. ಇವೆಲ್ಲಕ್ಕಿಂತ ಗಮನಿಸಬೇಕಾದ ಅಂಕಿ ಇನ್ನೊಂದಿದೆ. 2001ರಲ್ಲಿ ಜನಸಂಖ್ಯೆ 5,48,561 ಇತ್ತು. ಹತ್ತು ವರ್ಷದಲ್ಲಿ ಏರಿದ್ದು ಆರು ಸಾವಿರಕ್ಕೂ ಕಡಿಮೆ, ಅಂದರೆ ನೂರಕ್ಕೆ ಒಂದರ ಲೆಕ್ಕ. ಹೊರಗಿನಿಂದ ಕೂಲಿಗೆ ಬಂದು ನೆಲೆಸುವವರು ಇದ್ದೇ ಇರುವ ಜಿಲ್ಲೆಯಲ್ಲಿ ಏರಿಕೆ ಇಷ್ಟೇ ಆಗಿದೆ ಎಂದರೆ, ಊರು ಬಿಟ್ಟವರು ಎಷ್ಟಿರಬೇಕು ಎಂದು ಊಹಿಸಬಹುದು. ಸಾವಿರ ಗಂಡಸರಿಗೆ 1,019 ಹೆಂಗಸರು ಎಂಬ ಅಂಕಿಯನ್ನು ಹೆಮ್ಮೆಯಿಂದ ಹೇಳುವವರಿದ್ದಾರೆ. ಅದರಲ್ಲಿ ಸ್ವಲ್ಪ ಪಾಲು ಕೆಲಸ ಹುಡುಕಿಕೊಂಡು ಹೊರಟ ಗಂಡುಮಕ್ಕಳದ್ದೂ ಇರಬೇಕು ಎಂದು ನನ್ನ ಅನುಮಾನ.

ಬಯಲುಸೀಮೆಯವರಿಗೆ ಕೊಡಗಿನಲ್ಲಿ ಮೊದಲು ಆಗುವ ಗೊಂದಲವೆಂದರೆ ಊರೇ ಕಾಣದಿರುವುದು. ಬಸ್ಸು ನಿಲ್ಲುತ್ತದೆ, ಒಂದು ಅಂಗಡಿ, ಒಂದು ಹಾಲಿನ ಡೇರಿ, ಒಂದು ಶಾಲೆ, ಮನೆಗಳೇ ಇಲ್ಲ. ಮನೆಗಳೆಲ್ಲ ತೋಟದೊಳಗೆ, ಒಂದರಿಂದ ಇನ್ನೊಂದು ಕೂಗಳತೆಗಿಂತ ದೂರ. ಹಳೆಯ ಐನ್‌ಮನೆಯೊಂದಕ್ಕೆ, ಅಂದರೆ ಮನೆತನದ ಮೂಲಮನೆಗೆ, ಹೋಗಿ ನೋಡಿ. ಎರಡು ಕಡೆ ಮಣ್ಣಿನ ದಿಬ್ಬವಿರುವ ಓಣಿ ಹಿಡಿದು ಹೋದರೆ ಅಂಗಳ, ಮೆಟ್ಟಿಲು ಹತ್ತಿದರೆ ಕೈಯಾಲೆ ಎಂಬ ಜಗಲಿ, ಅದರ ಅಂಚಿಗೆ ಕಂಬದಿಂದ ಕಂಬಕ್ಕೆ ಹಾಸಿದ ಐಮರವೆಂಬ ದಪ್ಪ ಹಲಗೆ. ಮನೆತನದ ಹಿರಿಯರು ಕೂರುತ್ತಿದ್ದದ್ದು ಅದರ ಮೇಲೆ. ಒಳಗೆ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆ, ಅಲ್ಲಿ ಒಕ್ಕದ, ಅಂದರೆ ಮನೆತನದ, ದೀಪ. ಐಮರದ ಮೇಲೆ ಕೂತವನ ಕಣ್ಣೆದುರಿಗೆ ಬರುವುದು ಗದ್ದೆಯ ಬಯಲು. ಬೆನ್ನ ಹಿಂದೆ ಏರುತ್ತ ಹೋಗುವುದು ಬಾಣೆ. ಅದಕ್ಕೂ ಆಚೆ, ಊರಿಗೆ ಸೇರಿದ ದೇವರಕಾಡು. ಮನೆ ಕಟ್ಟಿದ ಜಾಗವೇ ಇಡೀ ಬೇಸಾಯದ ಲೆಕ್ಕವನ್ನು ಹೇಳಿಬಿಡುತ್ತದೆ.

ಈ ಲೆಕ್ಕವನ್ನು ತುಸು ಬಿಡಿಸಿ ಹೇಳಬೇಕು. ಕೊಡಗಿನ ಕಂದಾಯದಲ್ಲಿ ಎಣಿಕೆಗೆ ಬರುತ್ತಿದ್ದದ್ದು ಗದ್ದೆ. ಜಮ್ಮಾ ಎಂಬ ಹಿಡುವಳಿಯವರು ಸಾಗು ಎಂಬ ಸಾಧಾರಣ ಹಿಡುವಳಿಗಿದ್ದ ಕಂದಾಯದ ಅರ್ಧದಷ್ಟು ಕಟ್ಟುತ್ತಿದ್ದರು. ಬದಲಿಗೆ ಅರಸು ಕರೆದಾಗ ಕೋವಿ ಹಿಡಿದು ಹೋಗಬೇಕಿತ್ತು. ಹಿಡುವಳಿ ವಂಶಪಾರಂಪರ್ಯ, ಆದರೆ ಮಾರುವಂತಿರಲಿಲ್ಲ, ಪಾಲು ಮಾಡುವಂತಿರಲಿಲ್ಲ. ಗದ್ದೆಗೆ ಅಂಟಿಕೊಂಡು ಬಂದದ್ದು ಬಾಣೆ. ಅದಕ್ಕೆ ಕಂದಾಯವಿರಲಿಲ್ಲ. ಗದ್ದೆಗೆ ಬೇಕಾದ ಸೊಪ್ಪು, ದನಕ್ಕೆ ಮೇವು, ಒಲೆಗೆ ಸೌದೆ, ಮನೆಗೆ ಮರ ಇವಕ್ಕಾಗಿ ಬಿಟ್ಟ ಕಾಡು ಅದು. ಗದ್ದೆಯಿಲ್ಲದೆ ಬಾಣೆಗೆ ಅರ್ಥವಿರಲಿಲ್ಲ, ಬಾಣೆಯಿಲ್ಲದೆ ಗದ್ದೆಗೆ ಗೊಬ್ಬರವಿರಲಿಲ್ಲ. ಮೇಲೆ ದೇವರಕಾಡು ಯಾರ ಕೊಡಲಿಗೂ ಸಿಗದೆ ನೀರು ಹಿಡಿದುಕೊಂಡಿತ್ತು. ಇಂದು ಕೊಡಗಿನ ತಾಪತ್ರಯಗಳೆಂದು ನಾವು ಬೇರೆಬೇರೆ ತಲೆಬರಹದಲ್ಲಿ ಓದುವ ಭೂಕುಸಿತ, ಆನೆ ಹಾವಳಿ, ಕೂಲಿಯವರ ನೆಲೆ, ಮನೆ ಬಿಟ್ಟ ಮಕ್ಕಳು, ಎಲ್ಲವೂ ಬಹುಮಟ್ಟಿಗೆ ಈ ಮೂರರ ನಂಟು ಕಡಿದದ್ದರಿಂದ ಬಂದವು ಎಂಬುದು ನನ್ನ ವಾದ. ಒಂದೊಂದಕ್ಕೂ ಒಂದೊಂದು ಇಲಾಖೆ, ಒಂದೊಂದು ಪರಿಹಾರ ಹುಡುಕುವುದರಿಂದ ಸುತ್ತು ಬರುತ್ತಿದ್ದೇವೆ ಅಷ್ಟೆ.

ಕಡಿದದ್ದು ಕಾಫಿ. ಹಾಗೆಂದು ಕಾಫಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ಅದು ಬಾರದಿದ್ದರೆ ಕೊಡಗಿನಲ್ಲಿ ಶಾಲೆ, ಆಸ್ಪತ್ರೆ, ರಸ್ತೆ ಇಷ್ಟು ಬೇಗ ಬರುತ್ತಿರಲಿಲ್ಲ. ಹಾಲೇರಿ ವಂಶದ ಲಿಂಗಾಯತ ಅರಸರು ಎರಡು ಶತಮಾನಕ್ಕೂ ಮೀರಿ ಆಳಿದ ನಾಡನ್ನು ಕಂಪನಿ ಸರಕಾರ 1834ರಲ್ಲಿ ವಶಪಡಿಸಿಕೊಂಡಿತು. ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳಿಸಲಾಯಿತು. ಆಮೇಲೆ 1854ರಲ್ಲಿ ಫೌಲರ್ ಎಂಬ ಆಂಗ್ಲ ಪ್ಲಾಂಟರ್ ಮಡಿಕೇರಿ ಬಳಿ ಎಸ್ಟೇಟು ತೆರೆದ ಮೇಲೆ ದೊರೆಗಳ ತೋಟಗಳು ಒಂದರ ಹಿಂದೊಂದು ಬಂದವು. ಕಾಂಡಕೊರಕ ಹುಳು, ಎಲೆತುಕ್ಕು ರೋಗ ಅವರಲ್ಲಿ ಹಲವರನ್ನು ದಿವಾಳಿ ಎಬ್ಬಿಸಿದವು, ಆದರೆ ಗಿಡ ಉಳಿಯಿತು. ಊರವರೂ ಬಾಣೆಯ ಮರಗಳ ನೆರಳಿನಲ್ಲೇ ಕಾಫಿ ನೆಟ್ಟರು. ಸೊಪ್ಪಿಗೆಂದು ಬಿಟ್ಟ ಕಾಡು ಹಣದ ಬೆಳೆಯ ತೋಟವಾಯಿತು. ಇಂದು ದೇಶದ ಕಾಫಿಯಲ್ಲಿ ಮೂರನೇ ಒಂದರಷ್ಟು ಈ ಪುಟ್ಟ ಜಿಲ್ಲೆಯದು, ಅದರಲ್ಲೂ ಹೆಚ್ಚಿನ ಪಾಲು ರೋಬಸ್ಟಾ.

ಬಾಣೆ ಬೆಲೆಬಾಳತೊಡಗಿದ ಮೇಲೆ ಗದ್ದೆ ಕೆಳಗುಳಿಯಿತು, ಅಕ್ಷರಶಃ. ಗದ್ದೆಗೆ ಆಳು ಬೇಕು, ಅದೂ ನಾಟಿ, ಕೊಯ್ಲಿನ ಹೊತ್ತಿಗೆ ಒಂದೇ ಸಲ; ಕೊಯ್ಲಿನ ಹೊತ್ತಿಗೇ ತೋಟದಲ್ಲಿ ಕಾಫಿ ಹಣ್ಣಾಗಿರುತ್ತದೆ. ಕೂಲಿ ಯಾವ ಕಡೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಪಾಳು ಬಿದ್ದ ಗದ್ದೆಯಲ್ಲಿ ಕೆಲವರು ಅಡಿಕೆ ಇಟ್ಟರು. ಇನ್ನು ಕೆಲವರು ಶುಂಠಿಗೆ ಗುತ್ತಿಗೆ ಕೊಟ್ಟರು. ಗುತ್ತಿಗೆ ಹಿಡಿದವರು ಗಡಿಯಾಚೆಯಿಂದ ಬಂದು ಒಂದೆರಡು ಬೆಳೆ ತೆಗೆದು, ಮಣ್ಣಿಗೆ ಔಷಧ ಹೊಡೆದು, ಮುಂದಿನ ಗದ್ದೆ ಹುಡುಕಿಕೊಂಡು ಹೋದರು. ಪೇಟೆಯ ಮಗ್ಗುಲಿನ ಗದ್ದೆಗಳನ್ನು ಮಣ್ಣು ತುಂಬಿ ಸೈಟು ಮಾಡಿದರು. ಮಳೆಗಾಲದ ಮೂರು ತಿಂಗಳು ನೀರು ನಿಲ್ಲಿಸಿಕೊಂಡು ನಿಧಾನವಾಗಿ ಇಂಗಿಸುತ್ತಿದ್ದ ಬಯಲು ಕಡಿಮೆಯಾಯಿತು. ಇತ್ತ ತೋಟದಲ್ಲಿ ಫೆಬ್ರವರಿ, ಮಾರ್ಚಿನ ಹೂಮಳೆಗೆ ಕಾಯುವ ತಾಳ್ಮೆ ಹೋಯಿತು: ರೋಬಸ್ಟಾಕ್ಕೆ ಹೊತ್ತಿಗೆ ಸರಿಯಾಗಿ ನೀರು ಬೀಳದಿದ್ದರೆ ಹೂವು ಕಟ್ಟುವುದಿಲ್ಲ, ಆದ್ದರಿಂದ ಕೆರೆ, ತೋಡು, ಹೊಳೆಗೆ ಪಂಪು ಇಟ್ಟು ಸ್ಪ್ರಿಂಕ್ಲರ್ ತಿರುಗಿಸುವುದು. ನೀರು ಇಂಗಿಸುವ ಜಾಗ ಕಿರಿದಾಗಿದೆ, ಬೇಸಿಗೆಯಲ್ಲಿ ಎತ್ತುವ ನೀರು ಹೆಚ್ಚಿದೆ. ಕಾವೇರಿ ನೀರಿನ ಜಗಳವನ್ನು ಕೃಷ್ಣರಾಜಸಾಗರದ ಮಟ್ಟದಿಂದ ಮಾತ್ರ ಅಳೆಯುವವರು ಹೊಳೆಯ ಮೇಲ್ಭಾಗದ ಈ ಕತೆಯ ಕಡೆ ನೋಡುವುದೇ ಇಲ್ಲ.

ಸುಗ್ಗಿ ಹಬ್ಬವಾದ ಪುತ್ತರಿಯ ರಾತ್ರಿ, ಗದ್ದೆ ಕಡಿಮೆಯಾದದ್ದನ್ನು ಕಣ್ಣಾರೆ ಕಾಣಬಹುದು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ಗಳಿಗೆ ಗೊತ್ತುಮಾಡುತ್ತಾರೆ. ಆ ಗಳಿಗೆಗೆ ಒಕ್ಕದವರೆಲ್ಲ ಗದ್ದೆಗಿಳಿದು, ಕೋವಿಯಲ್ಲಿ ಗುಂಡು ಹಾರಿಸಿ, ಪೊಲಿ ಪೊಲಿ ಎಂದು ಕೂಗುತ್ತ ಹೊಸ ಕದಿರು ಕೊಯ್ದು ಮನೆಗೆ ತರಬೇಕು. ಈಗ ಹಲವು ಒಕ್ಕಗಳಿಗೆ ಕದಿರು ಕೊಯ್ಯಲು ಸ್ವಂತ ಗದ್ದೆಯೇ ಇಲ್ಲ, ಇದ್ದರೂ ನಾಟಿ ಮಾಡಿಲ್ಲ. ಪಕ್ಕದವರ ಗದ್ದೆಯಲ್ಲೋ, ಊರವರು ಸೇರಿ ಹಬ್ಬಕ್ಕೆಂದೇ ನಾಟಿ ಮಾಡಿಸಿದ ತುಂಡಿನಲ್ಲೋ ನಾಲ್ಕು ತೆನೆ ಕೊಯ್ದು ತರುತ್ತಾರೆ. ಬೆಂಗಳೂರಿನ ಮನೆಗಳಿಗೆ ಕದಿರು ವಾಹನದಲ್ಲಿ ಹೋಗುತ್ತದೆ. ಹಬ್ಬ ಗಟ್ಟಿಯಾಗಿದೆ, ಬೇಸಾಯ ಅದರ ಕೆಳಗಿನಿಂದ ಜಾರಿದೆ.

ದೇವರಕಾಡಿನ ಕತೆಯನ್ನು ಅಂಕಿಯೇ ಹೇಳುತ್ತದೆ. 1905ರಲ್ಲಿ ಸುಮಾರು 15,500 ಎಕರೆ ಇದ್ದದ್ದು 1985ರ ಹೊತ್ತಿಗೆ ಸುಮಾರು 6,300 ಎಕರೆಗೆ ಇಳಿದಿತ್ತು. ಹಾಗಿದ್ದೂ 1,200ಕ್ಕೂ ಮೇಲ್ಪಟ್ಟು ದೇವರಕಾಡುಗಳು ಇಲ್ಲಿವೆ; ಇಷ್ಟು ಒತ್ತಾಗಿ ಇರುವ ಜಾಗ ದೇಶದಲ್ಲೇ ವಿರಳ. ಒತ್ತುವರಿ ಮಾಡಿದವರು ಹೊರಗಿನವರು ಎನ್ನುವುದು ಜಿಲ್ಲೆಯಲ್ಲಿ ರೂಢಿಯ ಮಾತು. ಪೂರ್ತಿ ನಿಜವಲ್ಲ. ಬೇಲಿಯನ್ನು ವರ್ಷಕ್ಕೆ ಒಂದಡಿ ಸರಿಸಿದ ದೊಡ್ಡ ತೋಟದವರೂ ಇದರಲ್ಲಿದ್ದಾರೆ.

ಜನರ ವಿಚಾರಕ್ಕೆ ಬರೋಣ. ಕೊಡಗು ಎಂದರೆ ಕೊಡವರು ಎಂಬ ಸಮೀಕರಣ ಹೊರಗಿನವರ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದಕ್ಕೆ ಕಾರಣಗಳಿವೆ. ಗಂಡಸರ ಉಡುಪಾದ ಕುಪ್ಯಚೇಲೆಯ ಗತ್ತು, ನೆರಿಗೆ ಹಿಂದಕ್ಕೆ ಬರುವ ಸೀರೆ, ಕಾಚಂಪುಳಿಯ ಹುಳಿ ಬಿದ್ದ ಹಂದಿಮಾಂಸದ ಪಂದಿಕರಿ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಜನರಲ್ ತಿಮ್ಮಯ್ಯ, 1997ರಲ್ಲಿ ಕರಡದಲ್ಲಿ ಶುರುವಾಗಿ ಈಗ 300ಕ್ಕೂ ಹೆಚ್ಚು ಒಕ್ಕಗಳ ತಂಡಗಳು ಆಡುವ ಹಾಕಿ ಹಬ್ಬ. ವಿದ್ವಾಂಸರೂ ಇಲ್ಲಿಂದಲೇ ದೊಡ್ಡ ಮಾತುಗಳನ್ನು ಕಟ್ಟಿದರು: ಎಂ.ಎನ್. ಶ್ರೀನಿವಾಸ್ ಅವರ ಸಂಸ್ಕೃತೀಕರಣದ ವಾದ 1952ರಲ್ಲಿ ಬಂದ ಅವರ ಕೊಡವರ ಅಧ್ಯಯನದಲ್ಲಿ ಬೆಳೆಯಿತು. ಆದರೆ ಕೊಡವ ತಕ್ಕ್ ಮಾತೃಭಾಷೆಯೆಂದು ಬರೆಸಿದವರು ಇಡೀ ದೇಶದಲ್ಲಿ 2011ರಲ್ಲಿ 1,13,857 ಮಂದಿ. ಅದಕ್ಕೆ ಹತ್ತು ವರ್ಷ ಮುಂಚೆ 1,66,187. ಎಣಿಕೆಯ ಏರುಪೇರು ಏನೇ ಇರಲಿ, ಇಳಿಕೆ ಇಳಿಕೆಯೇ. ಕೊಡವ ಸಾಹಿತ್ಯ ಅಕಾಡೆಮಿ 1994ರಿಂದ ಇದೆ. ನಡಿಕೇರಿಯಂಡ ಚಿಣ್ಣಪ್ಪನವರು ಹಾಡು, ಆಚಾರಗಳನ್ನು ಕೂಡಿಸಿ 1924ರಲ್ಲೇ ‘ಪಟ್ಟೋಲೆ ಪಳಮೆ’ ತಂದಿದ್ದರು. ಭಾಷೆಗೆ ಪುಸ್ತಕದ ಕೊರತೆ ಅಷ್ಟಾಗಿ ಇಲ್ಲ. ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಬೆಳೆಯುವ ಮಕ್ಕಳ ಬಾಯಿಗೆ ಅದು ಬಾರದಿರುವುದೇ ತೊಂದರೆ.

ಉಳಿದವರು ಯಾರು? ಮಡಿಕೇರಿ, ಭಾಗಮಂಡಲದ ಸುತ್ತ ಅರೆಭಾಷೆ ಗೌಡರು. ಅವರ ಭಾಷೆಗೂ 2011ರಲ್ಲಿ ಅಕಾಡೆಮಿ ಬಂತು. ಉತ್ತರದ ಶನಿವಾರಸಂತೆ, ಕೊಡ್ಲಿಪೇಟೆಗೆ ಹೋದರೆ ಏಳುಸಾವಿರ ಸೀಮೆಯ ಕನ್ನಡ, ಲಿಂಗಾಯತರು, ಒಕ್ಕಲಿಗರು. ಅಲ್ಲಿನವರಿಗೆ ಹಾಸನದ ಸಂತೆ ಹತ್ತಿರ, ಮಡಿಕೇರಿ ದೂರ. ವಿರಾಜಪೇಟೆಯಲ್ಲಿ ಟಿಪ್ಪುವಿನ ಕಾಲದಲ್ಲಿ ಕೆನರಾ ಕರಾವಳಿಯಿಂದ ತಪ್ಪಿಸಿಕೊಂಡು ಬಂದು ಅರಸರ ಆಶ್ರಯ ಪಡೆದ ಕೊಂಕಣಿ ಕ್ರೈಸ್ತರ ಮನೆತನಗಳು. ಒಕ್ಕದ ಹೆಸರು, ಐನ್‌ಮನೆ ಇರುವ ಜಮ್ಮಾ ಮಾಪಿಳ್ಳೆಗಳು. ಪೇಟೆಪೇಟೆಯಲ್ಲೂ ಮಲಯಾಳಿಗಳು, ತುಳುವರು. ಹೆಗ್ಗಡೆ, ಐರಿ, ಕೊಯವ, ಕೆಂಬಟ್ಟಿ, ಕುಡಿಯ ಮೊದಲಾದವರು ಕೊಡವ ತಕ್ಕನ್ನೇ ಆಡುತ್ತ, ಹಬ್ಬಗಳಲ್ಲಿ ತಮ್ಮ ತಮ್ಮ ಹಕ್ಕು, ಕೆಲಸಗಳನ್ನು ಹೊತ್ತವರು. ಅವರಿಲ್ಲದೆ ಊರ ದೇವರ ಹಬ್ಬ ಹೊರಡುವುದಿಲ್ಲ, ಆದರೆ ಕೊಡಗಿನ ಚಿತ್ರ ಬಿಡಿಸುವವರು ಅವರನ್ನು ಅಂಚಿಗೆ ನಿಲ್ಲಿಸುತ್ತಾರೆ. (ಪ್ರವಾಸಿಗರು ಕೊಡಗಿನ ಲೆಕ್ಕಕ್ಕೆ ಹಾಕುವ ಬೈಲಕುಪ್ಪೆಯ ಟಿಬೆಟನ್ ನೆಲೆ, ಅಂದಹಾಗೆ, ಹೊಳೆಯ ಆಚೆ, ಮೈಸೂರು ಜಿಲ್ಲೆಯಲ್ಲಿದೆ.)

ಇವರೆಲ್ಲರಿಗಿಂತ ಹಿಂದಿನಿಂದ ಕಾಡಿನಲ್ಲಿದ್ದವರು ಜೇನುಕುರುಬರು, ಬೆಟ್ಟಕುರುಬರು. ಜೊತೆಗೆ, ಗದ್ದೆಯ ಕೆಲಸವನ್ನೆಲ್ಲ ಬೆನ್ನ ಮೇಲೆ ಹೊತ್ತ ಯರವರು. ಜಿಲ್ಲೆಯಲ್ಲಿ ನೂರಕ್ಕೆ ಹತ್ತಕ್ಕೂ ಮೀರಿ ಪರಿಶಿಷ್ಟ ಪಂಗಡದವರು. ಹತ್ತೊಂಬತ್ತನೇ ಶತಮಾನದ ದಾಖಲೆಗಳಲ್ಲಿ ಯರವರು ಜಮೀನಿನ ಜೊತೆಗೆ ಕೈಬದಲಾಗುವ ಆಳುಗಳಾಗಿಯೇ ಕಾಣುತ್ತಾರೆ. ಜೀತ ಹೋಯಿತು, ಲೈನ್‌ಮನೆ ಬಂತು: ಉದ್ದಕ್ಕೆ ಒಂದೇ ಸೂರಿನಡಿ ಒಂದು ಕೋಣೆ, ಒಂದು ಅಡುಗೆ ಮೂಲೆ, ಎದುರಿಗೆ ಹರಿಯುವ ಬಚ್ಚಲ ನೀರು. ತೋಟದ ಕೆಲಸ ಇರುವವರೆಗೆ ಮಾತ್ರ ಆ ಸೂರು. ತೋಟದ ರೈಟರ ಜೊತೆ ಮಾತು ಬೆಳೆದರೆ, ಕೈಲಾಗದಷ್ಟು ವಯಸ್ಸಾದರೆ, ಸಾಮಾನು ಕಟ್ಟಬೇಕು. ವಿಳಾಸವೇ ತೋಟದ ಮಾಲೀಕರದ್ದಾಗಿರುವಾಗ ರೇಷನ್ ಕಾರ್ಡು, ಮತದಾರರ ಪಟ್ಟಿಗೆ ಹೆಸರು ಹತ್ತಿಸುವುದೂ ಅವರ ಮರ್ಜಿಗೆ ಬೀಳುತ್ತದೆ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಐನೂರಕ್ಕೂ ಹೆಚ್ಚು ಆದಿವಾಸಿ ಕುಟುಂಬಗಳನ್ನು ಅರಣ್ಯಭೂಮಿ ಎಂದು ಎಬ್ಬಿಸಿದರು. ರಾಜ್ಯವೆಲ್ಲ ಅದನ್ನು ಕಾಡಿನ ಒತ್ತುವರಿಯ ಜಗಳವೆಂದು ಓದಿತು. ಅಲ್ಲಿ ಸೇರಿದ್ದವರಲ್ಲಿ ಬಹಳ ಮಂದಿ ಲೈನ್‌ಮನೆ ಬಿಟ್ಟು ಬಂದವರು, ಸ್ವಂತದ್ದೆಂಬ ಒಂದು ನಿವೇಶನ ಕೇಳುತ್ತಿದ್ದವರು ಎಂಬುದು ನಿಧಾನವಾಗಿ ತಿಳಿಯಿತು. ಮುಂದೆ ಬ್ಯಾಡಗೊಟ್ಟ, ಬಸವನಹಳ್ಳಿಯ ಕಡೆ ಪುನರ್ವಸತಿಯಾಯಿತು. ಅವರು ದುಡಿಯುವ ತೋಟಗಳಿಂದ, ಅವರಿಗೆ ಗೊತ್ತಿದ್ದ ಕಾಡಿನಿಂದ ದೂರ. ಇತ್ತೀಚೆಗೆ ಲೈನ್‌ಗಳಲ್ಲಿ ಅಸ್ಸಾಂ, ಬಂಗಾಳದ ಮಾತು ಕೇಳಿಸುತ್ತದೆ. ಅವರ ಮೇಲೆ ಅನುಮಾನ ಪಡುವವರೇ ಕಾಫಿ ಕೊಯ್ಲಿಗೆ ಅವರನ್ನು ಕಾಯುತ್ತಾರೆ.

ಆನೆಯ ಪ್ರಶ್ನೆಯೂ ಕೂಲಿಯವರ ಬದುಕಿಗೇ ಬಂದು ಸೇರುತ್ತದೆ. ನಾಗರಹೊಳೆ, ದುಬಾರೆಯ ಅಂಚಿನ ತೋಟಗಳಲ್ಲಿ ಆನೆ ಈಗ ರಾತ್ರಿ ಬಂದು ಹೋಗುವ ಪ್ರಾಣಿಯಲ್ಲ. ಹಗಲೂ ಅಲ್ಲೇ ನೆರಳಿದೆ, ಸ್ಪ್ರಿಂಕ್ಲರ್‌ಗೆಂದು ತೋಡಿದ ಕೆರೆಯಿದೆ, ಹಲಸಿನ ಹಣ್ಣಿದೆ. ಬೆಳಗ್ಗೆ ತೋಟಕ್ಕೆ ನಡೆದುಹೋಗುವ ಕೂಲಿಯವರು ಎದುರಿಗೆ ಸಿಗುತ್ತಾರೆ. ಸತ್ತವರ ಪಟ್ಟಿಯಲ್ಲಿ ತೋಟದ ಮಾಲೀಕರಿಗಿಂತ ಕಾರ್ಮಿಕರೇ ಹೆಚ್ಚು ಯಾಕೆ ಎಂದು ಕೇಳುವವರು ಕಡಿಮೆ. ಆನೆಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು, ಹಳೆಯ ರೈಲು ಕಂಬಿ ನೆಟ್ಟರು. ಕಂಬಿಯ ಬೇಲಿ ಇದ್ದುದರಲ್ಲಿ ಗಟ್ಟಿ, ಆದರೆ ತೋಟದೊಳಗೇ ಹುಟ್ಟಿದ ಮರಿಗೆ ಬೇಲಿಯ ಯಾವ ಕಡೆ ಕಾಡು?

ಇನ್ನು ಮಣ್ಣು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಕಾಲೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿ ಸುಮಾರು ಇಪ್ಪತ್ತು ಮಂದಿ ಸತ್ತರು, ಸಾವಿರಾರು ಮಂದಿ ಪರಿಹಾರ ಕೇಂದ್ರ ಸೇರಿದರು. ಮರುವರ್ಷ ವಿರಾಜಪೇಟೆ ತಾಲ್ಲೂಕಿನ ತೋರದಲ್ಲಿ ಬೆಟ್ಟ ಜಾರಿತು. 2020ರಲ್ಲಿ ತಲಕಾವೇರಿಯ ಬೆಟ್ಟ ಜಾರಿ ಅರ್ಚಕರ ಮನೆಯನ್ನೇ ಹೂತುಹಾಕಿತು. ಮಳೆ ವಿಪರೀತವಾಗಿತ್ತು, ನಿಜ. ಆದರೆ ಮಳೆ ಕೊಡಗಿಗೆ ಹೊಸದಲ್ಲ. ಮಳೆಗಾಲದ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದುಸೊಪ್ಪಿನ ನೇರಳೆ ಬಣ್ಣದ ಪಾಯಸ ತಿಂದು ಮೈ ಬೆಚ್ಚಗಿಡುವ ಪದ್ಧತಿ ಇಟ್ಟುಕೊಂಡ ಜನ ಇವರು. ಹೊಸದಾಗಿ ಬಂದದ್ದು ಜೆಸಿಬಿ. ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು 2018ರ ಕುಸಿತಗಳನ್ನು ನೋಡಿ, ಮನೆ, ರಸ್ತೆ, ತೋಟಕ್ಕಾಗಿ ಇಳಿಜಾರನ್ನು ನೆಟ್ಟಗೆ ಕಡಿದು, ನೀರಿನ ದಾರಿ ತಪ್ಪಿಸಿದ್ದನ್ನು ಎತ್ತಿ ಹೇಳಿದರು. ಹಿಂದೆ ಗದ್ದೆ ಮತ್ತು ಬಾಣೆಯ ನಡುವಿನ ಮೆಟ್ಟಿಲಿನಲ್ಲಿ ಮನೆ ಕಟ್ಟುತ್ತಿದ್ದವರು ಈಗ ನೋಟ ಚೆನ್ನಾಗಿದೆಯೆಂದು ನೆತ್ತಿಯ ಕಡೆ ಹೋಂಸ್ಟೇ ಕಟ್ಟುತ್ತಾರೆ. ಇದರ ಜೊತೆಗೆ ನೆರಳಿನ ಮರ. ಬೀಟೆ, ನಂದಿಯಂಥ ಕಾಡುಮರ ಕಡಿಯಲು ಅನುಮತಿ ಬೇಕು, ಎಷ್ಟೋ ಬಾಣೆಗಳಲ್ಲಿ ಮರದ ಹಕ್ಕು ಸರಕಾರದ್ದೇ. ಸಿಲ್ವರ್ ಓಕ್‌ಗೆ ಆ ಕಾಟವಿಲ್ಲ, ಮೆಣಸಿನ ಬಳ್ಳಿಯೂ ಅದಕ್ಕೆ ನೆಟ್ಟಗೆ ಹಬ್ಬುತ್ತದೆ. ಕಾಡುಮರ ಕಾಪಾಡಲೆಂದು ಮಾಡಿದ ನಿಯಮವೇ ಕಾಡುಮರ ನೆಡದಂತೆ ಮಾಡಿತು. 2013ರಲ್ಲಿ ಪಶ್ಚಿಮ ಘಟ್ಟದ ಕುರಿತ ಕಸ್ತೂರಿರಂಗನ್ ವರದಿ ಬಂದು ಕೊಡಗಿನ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಪರಿಸರ ಸೂಕ್ಷ್ಮ ವಲಯವೆಂದು ಗುರುತಿಸಿದಾಗ ಜನ ಬೀದಿಗಿಳಿದದ್ದು ಪರಿಸರದ ಮೇಲಿನ ಸಿಟ್ಟಿನಿಂದಲ್ಲ. ಇಂಥ ನಿಯಮಗಳ ರುಚಿ ಅವರಿಗೆ ಮೊದಲೇ ಗೊತ್ತಿತ್ತು.

ಪರಿಹಾರದ ಮಾತಿಗೆ ಬಂದರೆ, 1956ರವರೆಗೆ ಕೊಡಗು ಪ್ರತ್ಯೇಕ ರಾಜ್ಯವಾಗಿತ್ತು. 1952ರ ಚುನಾವಣೆಯ ನಂತರ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾಗಿದ್ದರು, 24 ಮಂದಿಯ ಶಾಸನಸಭೆಯಿತ್ತು. ಮತ್ತೆ ಪ್ರತ್ಯೇಕವಾದರೆ ಎಲ್ಲ ಸರಿಹೋದೀತು ಎನ್ನುವವರು ಇನ್ನೂ ಇದ್ದಾರೆ. ಅವರ ನೋವು ಅರ್ಥವಾಗುತ್ತದೆ, ಲೆಕ್ಕ ಅರ್ಥವಾಗುವುದಿಲ್ಲ: ಉತ್ತರದ ಏಳುಸಾವಿರ ಸೀಮೆಯವರನ್ನೂ ಹಾಡಿಗಳಲ್ಲಿರುವ ಆದಿವಾಸಿಗಳನ್ನೂ ಆ ಮಾತಿಗೆ ಮೊದಲು ಯಾರೂ ಕೇಳಿಲ್ಲ.

ನನಗನಿಸುವ ಮದ್ದು ಇನ್ನೂ ಸಣ್ಣದು, ಗದ್ದೆಯಿಂದ ಶುರುವಾಗಬೇಕಾದದ್ದು. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಆ ಬೆಲೆ ಕಂಡ ಯಾರೂ ಭತ್ತಕ್ಕಾಗಿ ಗದ್ದೆ ಉಳಿಸುವುದಿಲ್ಲ. ಗದ್ದೆ ಉಳಿಯಬೇಕಾದರೆ ಅದು ಹಿಡಿದಿಡುವ ನೀರಿಗೆ ಬೆಲೆ ಕಟ್ಟಬೇಕು: ಕೆಳಗೆ ಮಂಡ್ಯ, ಮೈಸೂರು, ಬೆಂಗಳೂರು ಕುಡಿಯುವ, ಉಣ್ಣುವ ಕಾವೇರಿಯ ಲೆಕ್ಕದಿಂದ, ನಾಟಿ ಮಾಡಿದ ಎಕರೆಗೆ ಇಷ್ಟೆಂದು ವರ್ಷ ವರ್ಷ ಕೊಡಬೇಕು. ಹಣ ಹೊಂದಿಸುವುದು ಕಷ್ಟವೇನಲ್ಲ. ಕಷ್ಟವಿರುವುದು ಅದನ್ನು ಯಾರ ಖಾತೆಗೆ ಹಾಕುವುದು ಎಂಬಲ್ಲಿ. ಜಮ್ಮಾ ಗದ್ದೆಯ ಪಹಣಿಯಲ್ಲಿ ಒಕ್ಕದ ಯಜಮಾನರಾಗಿದ್ದು ಎಂದೋ ತೀರಿಕೊಂಡ ಪಟ್ಟೆದಾರರ ಹೆಸರು ಮೊದಲು, ಅದರ ಕೆಳಗೆ ಒಕ್ಕದ ಪಾಲುದಾರರ ಸಾಲು. ಅವರಲ್ಲಿ ಒಬ್ಬರು ಬೆಂಗಳೂರಿನಲ್ಲಿ, ಒಬ್ಬರು ಸೇನೆಯಲ್ಲಿ, ಒಬ್ಬರು ವಿದೇಶದಲ್ಲಿ. ಗದ್ದೆ ಉಳುವವರು ಪಕ್ಕದ ಹಾಡಿಯ ಯರವರು. ಅವರ ಹೆಸರು ಆ ಪಹಣಿಯಲ್ಲಿ ಇಲ್ಲ, ಬೇರೆ ಯಾವ ಪಹಣಿಯಲ್ಲೂ ಇಲ್ಲ.